ಪರಿಚಾರಕ ಧರ್ಮ
(ಶ್ರೀಮಠದ ಮಹೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)

ಈ ಶುಭಪ್ರಸಂಗದಲ್ಲಿ ನಾನು ಯಾವದಾದರೊಂದು ಶಾಸ್ತ್ರವಿಷಯವನ್ನು ಕುರಿತು ಮಾತನಾಡುವೆನೆಂದು ತಾವು ಎಣಿಸಿರಬಹುದು. ನಾನು ಆರಿಸಿಕೊಂಡ ವಿಷಯವೂ ಶಾಸ್ತ್ರದ್ದೇ ಆಗಿದೆ. ಅದರ ಪ್ರಯೋಗವು ಮಾತ್ರ ರೋಗಿಯ ಹಾಸಿಗೆಯ ಬಳಿಯಲ್ಲಿ ನಡೆಯತಕ್ಕದ್ದು.

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಈ ನಾಲ್ಕು ಸೀಮೆಗಳ ಹಳ್ಳಿಗಳಲ್ಲಿ ನಾನು ಪ್ರವಚನಕ್ಕಾಗಿ ತಿರುಗುತ್ತಿರುವೆನು. ವೃದ್ಧರಿರುವ ಮನೆಯನ್ನು ಹೊಕ್ಕರೆ ಮಧುಮೇಹವೋ, ರಕ್ತದೊತ್ತಡವೋ, ಲಕ್ವಾ ಹೊಡೆದ ಕೈಕಾಲೋ, ದಮ್ಮೋ, ಮೊಣಕಾಲು ನೋವೋ, ಮರೆವೋ ಒಂದಿಲ್ಲೊಂದು ಕಣ್ಣಿಗೆ ಬೀಳುವದು. ಇವು ಬಂದು ಹೋಗುವ ಜ್ವರದಂತಹವುಗಳಲ್ಲ. ಕಡೆಯ ತನಕ ಜೊತೆಯಲ್ಲಿರುವಂತಹವು. ಮಕ್ಕಳು ಹುಬ್ಬಳ್ಳಿ, ಪುಣೆ, ಬೆಂಗಳೂರುಗಳಲ್ಲಿ ಉದ್ಯೋಗದಲ್ಲಿರುವರು. ಆದುದರಿಂದ ವೃದ್ಧರ ಭಾರವು ವೃದ್ಧಾಶ್ರಮಗಳ ಮೇಲೂ, ಸಂಬಳಕ್ಕೆ ಬರುವ ಪರಿಚಾರಕರ ಮೇಲೂ ಬೀಳುತ್ತಲಿದೆ. ಇವರನ್ನು ನರ್ಸಿಂಗ ಸಹಾಯಕರೆನ್ನುವರು. ಕೌಶಲ ತರಬೇತಿಯಲ್ಲಿ ಜನರಲ್ ಡ್ಯೂಟಿ ಅಸಿಸ್ಟಂಟ್ ಎಂದು ಕರೆಯುವರು. ಇವರ ಧರ್ಮವೇನು, ಇವರ ವಿಷಯದಲ್ಲಿ ನಮ್ಮ ಧರ್ಮವೇನು ಎಂಬೆರಡು ಮಾತುಗಳನ್ನು ವಿಜ್ಞಾಪಿಸಿಕೊಳ್ಳುವೆನು.

ಚರಕಸಂಹಿತೆಯ ಸೂತ್ರಸ್ಥಾನದ 9ನೆಯ ಅಧ್ಯಾಯದಲ್ಲಿ ಚಿಕಿತ್ಸೆಗೆ ನಾಲ್ಕು ಪಾದಗಳು ಹೇಳಲ್ಪಟ್ಟಿವೆ: ವೈದ್ಯ, ಔಷಧ, ಪರಿಚಾರಕ ಮತ್ತು ರೋಗಿ. ಪರಿಚಾರಕನನ್ನು ವೈದ್ಯನ ಆಳೆಂದು ಹೇಳದೆ, ಅವನೊಡನೆ ಒಂದು ಪಾದವನ್ನಾಗಿಯೇ ಎಣಿಸಿರುವದನ್ನು ಗಮನಿಸಬೇಕು. ಅವನಿಗೆ ಇರತಕ್ಕ ಗುಣಗಳೂ ನಾಲ್ಕು: ಉಪಚಾರಜ್ಞತೆ, ದಾಕ್ಷ್ಯ, ಅನುರಾಗ, ಶೌಚ.

ಮೊದಲನೆಯದು ಉಪಚಾರಜ್ಞತೆ, ಎಂದರೆ ಉಪಚಾರದ ತಿಳಿವಳಿಕೆ. ಇದು ಇಲ್ಲದೆ ಬರಿಯ ಪ್ರೀತಿಯು ಹೇಗೆ ಕೇಡನ್ನುಂಟುಮಾಡುವದೆಂಬುದಕ್ಕೆ ನಾನೇ ಉದಾಹರಣೆಯು. ನನ್ನ ತಾಯಿಯವರು ಬಹುಕಾಲ ಮಧುಮೇಹದಿಂದ ಬಳಲಿದವರು. ಒಂದು ಚಳಿಗಾಲದ ರಾತ್ರಿ ಕಾಲು ಜೋಮು ಹಿಡಿದಿವೆಯೆಂದರು. ನಾನು ಬಿಸಿನೀರು ತಂದು ಅವರ ಪಾದಗಳನ್ನು ಅದರಲ್ಲಿಡಿಸಿದೆನು. "ಸುಡತೈತೇನವ್ವಾ?" ಎಂದು ಕೇಳಿದರೆ "ಏನೂ ಇಲ್ಲಪಾ, ಹಿತ ಐತಿ" ಎಂದರು. ಮರುದಿನ ಪಾದದ ತುಂಬ ಬೊಬ್ಬೆಗಳೆದ್ದಿದ್ದವು. ಹುಣ್ಣು ಮಾಯಲು ತಿಂಗಳುಗಳೇ ಹಿಡಿದವು. ಒಂದು ಬೆರಳು ಹೋಯಿತು. ಬಹುಕಾಲದ ಮಧುಮೇಹದಲ್ಲಿ ಪಾದದ ನರಗಳು ಸ್ಪರ್ಶಜ್ಞಾನವನ್ನು ಕಳೆದುಕೊಳ್ಳುವವೆಂಬ ಸಂಗತಿಯು ವ್ಯಾಕರಣವನ್ನೋದಿದ ನನಗೆ ತಿಳಿದಿರಲಿಲ್ಲ. ತರಬೇತಿ ಹೊಂದಿದ ಹುಡುಗಿಯೊಬ್ಬಳಾಗಿದ್ದರೆ ನೀರನ್ನು ತನ್ನ ಮೊಣಕೈಯಿಂದ ಮುಟ್ಟಿ ನೋಡುತ್ತಿದ್ದಳು, ಇಲ್ಲವೆ ಪಾದಗಳನ್ನು ನೀರಿನಲ್ಲಿ ನೆನೆಯಿಡುತ್ತಲೇ ಇರಲಿಲ್ಲ.

ಮಧುಮೇಹಿಯ ಪಾದಗಳನ್ನು ಪ್ರತಿದಿನವೂ ಅಂಗಾಲು ಹಾಗೂ ಬೆರಳುಸಂದುಗಳ ಸಹಿತ ನೋಡಬೇಕು, ತೊಳೆದು ಸಂದುಗಳನ್ನು ಒಣಗಿಸಬೇಕು, ಬರಿಗಾಲಿನಲ್ಲಿ ನಡೆಯಗೊಡಬಾರದು. ಎಲ್ಲಮ್ಮನ ಗುಡ್ಡಕ್ಕೆ ಬರಿಗಾಲಿನಿಂದ ನಡೆಯುವ ಹರಕೆಯುಳ್ಳವರು ಇದನ್ನು ಲಕ್ಷ್ಯದಲ್ಲಿಡುವದು ಒಳಿತು. ಜಂಗಮರ ಪಾದಪೂಜೆಯನ್ನು ಭಕ್ತಿಯಿಂದ ಮಾಡುವ ನಮಗೆ ರೋಗಿಯ ಪಾದವನ್ನು ಕೈಯಲ್ಲಿ ಹಿಡಿದು ನೋಡುವದು ಹೊಲಸೆನಿಸಬಾರದು.

ಉಪವಾಸದ ಮಾತೂ ಇದಕ್ಕೆ ಸೇರಿದ್ದು. ಸೋಮವಾರವೆಂದು ಊಟ ಬಿಟ್ಟು, ಗುಳಿಗೆಯನ್ನಾಗಲಿ ಇನ್ಸುಲಿನ್ನನ್ನಾಗಲಿ ಎಂದಿನಂತೆ ತೆಗೆದುಕೊಂಡರೆ ರಕ್ತದ ಸಕ್ಕರೆಯು ಅಪಾಯಕರವಾಗಿ ಇಳಿಯಬಹುದು. ಬೆವರು, ನಡುಕ, ಎದೆಬಡಿತ, ತೊದಲುಮಾತು, ಗಲಿಬಿಲಿ ಇವು ಅದರ ಲಕ್ಷಣಗಳು. ಎಚ್ಚರವಿದ್ದವರಿಗೆ ಕೂಡಲೆ ಮೂರು ಚಹಾ ಚಮಚೆ, ಎಂದರೆ ಸುಮಾರು 15 ಗ್ರಾಮ್ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಬೇಕು; 15 ನಿಮಿಷಗಳ ತರುವಾಯ ಮತ್ತೆ ಪರೀಕ್ಷಿಸಬೇಕು. ಎಚ್ಚರ ತಪ್ಪಿದವರ ಬಾಯಲ್ಲಿ ಏನನ್ನೂ ಹಾಕಕೂಡದು. ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.

ಎರಡನೆಯದು ದಾಕ್ಷ್ಯ, ಎಂದರೆ ಕೈಚಳಕ. ಲಕ್ವಾ ಹೊಡೆದವರಿಗೆ ಅಂಗಿ ತೊಡಿಸುವಾಗ ಸೋತ ಕೈಯನ್ನು ಮೊದಲು, ತೆಗೆಯುವಾಗ ಅದನ್ನು ಕಡೆಗೆ ಎಂಬುದು ಸಣ್ಣ ಸೂತ್ರವು. ಅದನ್ನು ಬಲ್ಲವನ ಕೈಯಲ್ಲಿ ರೋಗಿಯು ನರಳುವದಿಲ್ಲ. ಸೋತ ತೋಳನ್ನು ಹಿಡಿದು ಜಗ್ಗಿ ಎಬ್ಬಿಸಿದರೆ ಹೆಗಲಿನ ಕೀಲು ಕೆಡುವದು. ಊಟವನ್ನು ನೆಟ್ಟಗೆ ಕೂಡ್ರಿಸಿಯೇ ಮಾಡಿಸಬೇಕು, ತುತ್ತು ಸಣ್ಣದಿರಬೇಕು, ಸೋತ ಕೆನ್ನೆಯಲ್ಲಿ ಅನ್ನವು ಉಳಿದಿದೆಯೋ ಎಂದು ನೋಡಬೇಕು, ಉಂಡ ಮೇಲೆ ಅರ್ಧ ತಾಸು ಮಲಗಿಸಬಾರದು. ಇಲ್ಲವಾದರೆ ಅನ್ನವು ಶ್ವಾಸನಾಳವನ್ನು ಸೇರಿ ಪುಪ್ಪುಸದ ರೋಗವು ಬರುವದು. ಎದ್ದು ಕೂಡ್ರಲಾರದವರನ್ನು ಹಗಲಿರುಳೂ ಎರಡೆರಡು ತಾಸಿಗೊಮ್ಮೆ ಮಗ್ಗಲು ತಿರುಗಿಸದಿದ್ದರೆ ಸೊಂಟದ ಕೆಳಗೂ ಹಿಮ್ಮಡಿಯಲ್ಲೂ ಹಾಸಿಗೆಹುಣ್ಣುಗಳಾಗುವವು. ಒತ್ತಿ ಬಿಟ್ಟರೂ ಆರದ ಕೆಂಪು ಕಲೆಯು ಅದರ ಮೊದಲನೆಯ ಸೂಚನೆಯು.

ಹೃದಯವು ದುರ್ಬಲವಾದವರನ್ನು ದಿನಾಲು ಮುಂಜಾನೆ ಒಂದೇ ಹೊತ್ತಿಗೆ ತೂಗಬೇಕು. ಮೂರು ದಿನಗಳಲ್ಲಿ 2 ಕಿಲೋದಷ್ಟು ತೂಕ ಏರಿದರೆ ಮೈಯಲ್ಲಿ ನೀರು ನಿಲ್ಲುತ್ತಿದೆಯೆಂದು ತಿಳಿದು ವೈದ್ಯರಿಗೆ ಹೇಳಬೇಕು. ರಕ್ತದೊತ್ತಡವುಳ್ಳವರಿಗೆ ದಿನಕ್ಕೆ 5 ಗ್ರಾಮಿಗಿಂತ ಹೆಚ್ಚು ಉಪ್ಪು ಸಲ್ಲದು. ಈ ಲೆಕ್ಕದಲ್ಲಿ ರೊಟ್ಟಿಯ ಜೊತೆಯ ಉಪ್ಪಿನಕಾಯಿ, ಹಿಂಡಿ, ಹಪ್ಪಳಗಳೂ ಸೇರಿವೆಯೆಂಬುದನ್ನು ನಮ್ಮ ತಾಯಂದಿರು ಮರೆಯುವರು. ದಮ್ಮಿನವರನ್ನು ಮಲಗಿಸದೆ, ಮುಂದಕ್ಕೆ ತುಸು ಬಾಗಿಸಿ ಕೂಡ್ರಿಸಿ, ತುಟಿಯನ್ನು ಕಿರಿದುಮಾಡಿ ಮೆಲ್ಲಗೆ ಉಸಿರು ಬಿಡಲು ಹೇಳಿಕೊಡಬೇಕು.

ಮೂರನೆಯದು ಅನುರಾಗ. ಮರೆವಿನ ರೋಗಿಗಳ ವಿಷಯದಲ್ಲಿ ಇದರ ಪರೀಕ್ಷೆಯಾಗುವದು. ವೃದ್ಧಾಶ್ರಮವೊಂದರಲ್ಲಿ ತಾಯಿಯೊಬ್ಬಳು ಸಂಜೆಯಾಗುತ್ತಲೇ "ಎಮ್ಮಿ ಹಿಂಡೂದೈತಿ, ನನ್ನ ಮನಿಗೆ ಕಳಸ್ರಿ" ಎಂದು ಬಾಗಿಲಿಗೆ ಹೋಗುತ್ತಿದ್ದಳು. ಎಮ್ಮೆಯಿಲ್ಲ, ಮನೆಯಿಲ್ಲ ಎಂದು ವಾದಿಸಿದವರಿಗೆಲ್ಲ ಅವಳು ಅಳುವದನ್ನೇ ಉತ್ತರವಾಗಿ ಕೊಟ್ಟಳು. ಪರಿಚಾರಿಕೆಯೊಬ್ಬಳು ಮಾತ್ರ "ಎಷ್ಟ ಹಾಲ ಕೊಡ್ತಿತ್ತ ಆಯೀ ನಿಮ್ಮ ಎಮ್ಮಿ?" ಎಂದು ಕೇಳಿ, ಕೈಹಿಡಿದು ಅಂಗಳದಲ್ಲಿ ಎರಡು ಸುತ್ತು ತಿರುಗಾಡಿಸಿ ಒಳಗೆ ಕರೆತಂದಳು. ವಾದದಲ್ಲಿ ಗೆಲ್ಲುವದಕ್ಕಿಂತ ಮನಸ್ಸನ್ನು ಸಂತೈಸುವದು ಹಿರಿದೆಂಬುದನ್ನು ತರ್ಕಶಾಸ್ತ್ರದಿಂದ ಕಲಿಯದ ನಾನು ಆ ಹುಡುಗಿಯಿಂದ ಕಲಿತೆನು.

ನಾಲ್ಕನೆಯದು ಶೌಚ. ಒಬ್ಬ ರೋಗಿಯನ್ನು ಮುಟ್ಟುವ ಮೊದಲು ಮತ್ತು ಮುಟ್ಟಿದ ಮೇಲೆ ಸಾಬೂನಿನಿಂದ ಕೈ ತೊಳೆಯುವದು ಇದರ ಮೂಲವು. 1859ರಲ್ಲಿ ಪ್ರಕಟವಾದ ತಮ್ಮ ಶುಶ್ರೂಷಾಗ್ರಂಥದಲ್ಲಿ ಫ್ಲಾರೆನ್ಸ್ ನೈಟಿಂಗೇಲರೂ ಗಾಳಿ, ಬೆಳಕು, ಶುಚಿತ್ವಗಳನ್ನೇ ಒತ್ತಿ ಹೇಳಿದರು. ಅಂತರಂಗಶೌಚವೂ ಬೇಕು: ಮೈ ಒರೆಸುವಾಗ ಮರೆ ಕಟ್ಟುವದು, ರೋಗಿಯ ಗುಟ್ಟನ್ನು ಹೊರಗೆ ಆಡದಿರುವದು, ಮಾಡದ ಕೆಲಸವನ್ನು ಮಾಡಿದೆನೆಂದು ಪುಸ್ತಕದಲ್ಲಿ ಬರೆಯದಿರುವದು.

ರೋಗಿಗೂ ಚರಕಮತದಲ್ಲಿ ನಾಲ್ಕು ಗುಣಗಳುಂಟು: ಸ್ಮೃತಿ, ಹೇಳಿದಂತೆ ನಡೆಯುವದು, ನಿರ್ಭಯತೆ, ತನ್ನ ಬಾಧೆಯನ್ನು ತಿಳಿಸಬಲ್ಲ ಶಕ್ತಿ. ಆದರೆ ಮರೆವಿನವರಿಗೆ ಸ್ಮೃತಿಯಿಲ್ಲ. ಲಕ್ವಾದವರಿಗೆ ಅನೇಕ ವೇಳೆ ಮಾತಿಲ್ಲ. ಆಗ ಆ ಗುಣಗಳನ್ನು ಪರಿಚಾರಕನೇ ಹೊರಬೇಕಾಗುವದು. ನಿನ್ನೆ ಉಂಡವರು ಇಂದು ಉಣ್ಣಲಿಲ್ಲ, ಮುಖವು ಒಂದು ಬದಿಗೆ ಸೊಟ್ಟಗಾಯಿತು ಎಂಬುದನ್ನು ಮೊದಲು ಕಾಣುವವನು ಅವನೇ. ಗುಳಿಗೆಯ ಪ್ರಮಾಣವನ್ನು ತಾನೇ ಬದಲಿಸುವ ಅಧಿಕಾರವು ಅವನಿಗಿಲ್ಲ. ಕಂಡದ್ದನ್ನು ಕೂಡಲೆ ದಾದಿಗೋ ವೈದ್ಯರಿಗೋ ತಿಳಿಸುವ ಹೊಣೆಯು ಪೂರ್ಣವಾಗಿ ಅವನದೇ. ಮುಖ ಸೊಟ್ಟಗಾದರೆ, ಕೈ ಸೋತರೆ, ಮಾತು ತೊದಲಿದರೆ 108ಕ್ಕೆ ಕರೆಮಾಡತಕ್ಕದ್ದು. ರಕ್ತದ ಗಡ್ಡೆಯನ್ನು ಕರಗಿಸುವ ಔಷಧಕ್ಕೆ ಸಾಮಾನ್ಯವಾಗಿ ನಾಲ್ಕೂವರೆ ತಾಸಿನ ಅವಧಿಯೇ ಇರುವದು.

ಇನ್ನು ನಮ್ಮ ಧರ್ಮ. ಇಷ್ಟೆಲ್ಲ ಬಲ್ಲವರನ್ನು ನಾವು ಏಕವಚನದಿಂದ ಕೂಗುವೆವು. ಅವರ ಊಟಕ್ಕೆ ಮೂಲೆಯನ್ನು ತೋರಿಸುವೆವು. ವಾರಕ್ಕೊಂದು ರಜೆಯನ್ನು ಕೇಳಿದರೆ ಹುಬ್ಬು ಗಂಟಿಕ್ಕುವೆವು. ಸಂಬಳದ ಮಾತು ಬಂದಾಗ "ಇದು ಸೇವೆಯಲ್ಲವೇ" ಎನ್ನುವೆವು. ಕಾಯಕದಲ್ಲಿ ಮೇಲು ಕೀಳಿಲ್ಲವೆಂದು ಸಾರಿದ ಶರಣರ ಹೆಸರನ್ನು ಹೇಳುವವರಿಗೆ ಇದು ಶೋಭಿಸದು. ಸೇವೆಯೆಂಬ ಶಬ್ದದಿಂದ ನ್ಯಾಯವಾದ ಕೂಲಿಯನ್ನು ಕಡಿತಗೊಳಿಸುವದು ದಾಸೋಹವಾಗಲಾರದು. 1824ರಲ್ಲಿ ಕತ್ತಿ ಹಿಡಿದ ಕಿತ್ತೂರಿನ ರಾಣಿ ಚೆನ್ನಮ್ಮನವರನ್ನು ಬೈಲಹೊಂಗಲದ ಸಮಾಧಿಯ ಮುಂದೆ ನಿಂತು ಸ್ಮರಿಸುವ ನಾಡು ನಮ್ಮದು. ಇರುಳೆಲ್ಲ ಎಚ್ಚರವಿದ್ದು ರೋಗಿಯ ಮಗ್ಗಲು ತಿರುಗಿಸುವ ಕೈಗೂ ಆ ನಾಡಿನಲ್ಲಿ ಗೌರವವಿರಬೇಕು.

ಶ್ರೀಮಠದ ಭಕ್ತರಲ್ಲಿ ನನ್ನ ಪ್ರಾರ್ಥನೆಯು ಇಷ್ಟೇ: ನಿಮ್ಮ ನಿಮ್ಮ ಊರಿನಿಂದ ಇಬ್ಬರು ತರುಣ ತರುಣಿಯರನ್ನು ಈ ವಿದ್ಯೆಗೆ ಕಳುಹಿಸಿರಿ, ಕಲಿತು ಬಂದವರಿಗೆ ತಕ್ಕ ವೇತನವನ್ನೂ ಬಹುವಚನವನ್ನೂ ಕೊಡಿರಿ. ನನ್ನ ತಾಯಿಯ ಪಾದಕ್ಕೆ ನಾನು ತಿಳಿಯದೆ ಮಾಡಿದ್ದು ಇನ್ನೊಬ್ಬರ ತಾಯಿಗೆ ಆಗದಿರಲಿ ಎಂದು ಪ್ರಾರ್ಥಿಸಿ ನನ್ನ ಮಾತುಗಳನ್ನು ಮುಗಿಸುವೆನು.