ಹಾಲಿನ ವ್ಯಾನಿಗೆ ಹೊಸ ಟೈರು ಕೊಳ್ಳುವಾಗ

(ಹೆಗ್ಗನಹಳ್ಳಿಯಲ್ಲಿ ಹಾಲು ಉತ್ಪಾದಕ ಸದಸ್ಯರಿಗೆ ಹಾಗೂ ಹಾಲು ಸಾಗಣೆ ವಾಹನದವರಿಗೆ ಪಶುವೈದ್ಯಕೀಯ ವಿಸ್ತರಣಾಧಿಕಾರಿಗಳು ಮಾಡಿದ ಭಾಷಣದ ಪಾಠ)



ದನದ ಡಾಕ್ಟರು ಟೈರಿನ ವಿಷಯ ಮಾತನಾಡಲು ನಿಂತಿದ್ದಾರಲ್ಲ ಎಂದು ನಿಮ್ಮಲ್ಲಿ ಕೆಲವರಿಗೆ ಅನ್ನಿಸಬಹುದು. ಗಾಳಿ ತುಂಬಿದ ಟೈರನ್ನು ಜನರ ಬಳಕೆಗೆ ತಂದವರೇ ಒಬ್ಬ ಪಶುವೈದ್ಯರು. ಸ್ಕಾಟ್ಲೆಂಡಿನಲ್ಲಿ ಹುಟ್ಟಿ ಬೆಲ್‌ಫಾಸ್ಟ್ ನಗರದಲ್ಲಿ ದನ, ಕುದುರೆಗಳಿಗೆ ಚಿಕಿತ್ಸೆ ಮಾಡುತ್ತಿದ್ದ ಜಾನ್ ಬಾಯ್ಡ್ ಡನ್‌ಲಪ್ ಅವರು 1887ರಲ್ಲಿ ತಮ್ಮ ಮಗನ ಮೂರು ಗಾಲಿಯ ಸೈಕಲ್ಲಿಗೆ ಗಾಳಿ ತುಂಬಿದ ರಬ್ಬರಿನ ಟೈರು ಮಾಡಿ ಹಾಕಿದರು. 1888ರಲ್ಲಿ ಅದಕ್ಕೆ ಪೇಟೆಂಟ್ ಪಡೆದರು. ಅವರಿಗೂ ಮುಂಚೆ ರಾಬರ್ಟ್ ಥಾಮ್ಸನ್ ಎಂಬುವರು ಇದೇ ವಿಚಾರ ಕಂಡುಕೊಂಡಿದ್ದರೂ ಅದು ಬಳಕೆಯಲ್ಲಿ ನಿಲ್ಲಲಿಲ್ಲ. ಆದ್ದರಿಂದ ಈ ವಿಷಯ ಮಾತನಾಡಲು ನಮ್ಮ ವೃತ್ತಿಯವರಿಗೆ ಸ್ವಲ್ಪ ಹಕ್ಕಿದೆ ಎಂದು ಭಾವಿಸುತ್ತೇನೆ.

ಆದರೆ ನಾನು ಮಾತನಾಡುತ್ತಿರುವುದು ಹಾಲಿನ ಸಲುವಾಗಿ.

ಹಾಲಿಗೂ ಟೈರಿಗೂ ಏನು ಸಂಬಂಧ?

ಕರೆದ ಹಾಲು ಬೆಚ್ಚಗಿರುವಾಗ ಅದರಲ್ಲಿನ ಸೂಕ್ಷ್ಮಾಣುಗಳು ಒಂದು ಎರಡಾಗಿ, ಎರಡು ನಾಲ್ಕಾಗಿ ಹೆಚ್ಚುತ್ತವೆ. ಹೊಸ ಹಾಲಿನಲ್ಲಿ ಇವುಗಳನ್ನು ತಡೆಯುವ ಸಹಜ ಗುಣವಿದ್ದರೂ ಅದು ಕೆಲವೇ ಗಂಟೆಗಳ ಮಾತು. ಅಷ್ಟರೊಳಗೆ ಹಾಲನ್ನು 4 ಡಿಗ್ರಿ ಸೆಂಟಿಗ್ರೇಡಿಗೆ ತಂಪು ಮಾಡಬೇಕು. ಈಗ ಅನೇಕ ಸಂಘಗಳಲ್ಲಿ ಬಲ್ಕ್ ಮಿಲ್ಕ್ ಕೂಲರ್ ಬಂದಿದೆ, ನಿಜ. ಆದರೂ ಕೂಲರ್ ಇಲ್ಲದ ಹಳ್ಳಿಗಳ ಕ್ಯಾನುಗಳು ಕೂಲರ್‌ವರೆಗೋ ಶೀತಲೀಕರಣ ಕೇಂದ್ರದವರೆಗೋ ವ್ಯಾನಿನಲ್ಲೇ ಬರಬೇಕು.

ಒಂದು ವ್ಯಾನಿನಲ್ಲಿ 40 ಲೀಟರಿನ 50 ಕ್ಯಾನುಗಳಿವೆ ಎಂದುಕೊಳ್ಳಿ. ಅದು 2,000 ಲೀಟರ್ ಹಾಲು. ದಾರಿಯಲ್ಲಿ ಟೈರು ಸಿಡಿದು, ಸ್ಟೆಪ್ನಿಯೂ ಕೈಕೊಟ್ಟು, ಬಿಸಿಲಿನಲ್ಲಿ ಗಂಟೆಗಟ್ಟಲೆ ನಿಂತರೆ ಹಾಲು ಹುಳಿಯಾಗುತ್ತದೆ, ಕಾಯಿಸಿದಾಗ ಒಡೆಯುತ್ತದೆ. ಲೀಟರಿಗೆ 35 ರೂಪಾಯಿಯಂತೆ ಲೆಕ್ಕ ಹಿಡಿದರೂ 70,000 ರೂಪಾಯಿಯ ಹಾಲು. ಹಸುವಿನ ಕೆಚ್ಚಲು ತೊಳೆದು, ಪಾತ್ರೆ ಶುಚಿಯಾಗಿಟ್ಟು, ಮುಂಜಾನೆ ಎದ್ದು ಕರೆದ ತಾಯಂದಿರ ಶ್ರಮವೆಲ್ಲ ರಸ್ತೆ ಬದಿಯಲ್ಲಿ ವ್ಯರ್ಥ. ಚಾಲಕ, ಕ್ಲೀನರ್ ಇವರ ಪ್ರಾಣದ ಬೆಲೆಯಂತೂ ಲೆಕ್ಕಕ್ಕೆ ಸಿಗುವುದಲ್ಲ.

ನಮ್ಮ ವ್ಯಾನಿನ ದಾರಿ ಎಂಥದು?

ಒಂದು ಕಾಲಕ್ಕೆ ಹಳ್ಳಿಯಾಗಿದ್ದ ಹೆಗ್ಗನಹಳ್ಳಿ ಇಂದು ಪೀಣ್ಯ ಕೈಗಾರಿಕಾ ಪ್ರದೇಶದ ಪಕ್ಕದ ದಟ್ಟ ಬಡಾವಣೆ. ಇಲ್ಲಿಂದ ಮಾಗಡಿ ರಸ್ತೆಯಲ್ಲಿ ತಾವರೆಕೆರೆ ಕಡೆಗೆ ಹೋದರೆ ಇನ್ನೂ ಹೊಲ, ಕೊಟ್ಟಿಗೆ ಕಾಣುತ್ತವೆ. ಆ ಕಡೆಯಿಂದ ಹೊಸೂರು ರಸ್ತೆಯ ಬೆಂಗಳೂರು ಡೇರಿಯ ದಿಕ್ಕಿಗೆ ಬರುವ ವಾಹನ ಮೊದಲು ಹಳ್ಳಿಯ ಕಲ್ಲುಮಣ್ಣಿನ ದಾರಿ ತುಳಿಯುತ್ತದೆ, ಆಮೇಲೆ ನೈಸ್ ರಸ್ತೆಯಂಥ ನೇರ ದಾರಿಯಲ್ಲಿ ವೇಗವಾಗಿ ಓಡುತ್ತದೆ, ಕೊನೆಗೆ ನಗರದ ಸಿಗ್ನಲ್‌ಗಳಲ್ಲಿ ನಿಂತು ನಿಂತು ಸಾಗುತ್ತದೆ. ಹಳ್ಳಿ ದಾರಿ ಟೈರನ್ನು ಕೊಯ್ಯುತ್ತದೆ. ಹೆದ್ದಾರಿ ಟೈರನ್ನು ಕಾಯಿಸುತ್ತದೆ. ಭಾರ ತುಂಬಿದ ಗಾಡಿಯ ಟೈರಿಗೆ ಈ ಕಾವೇ ದೊಡ್ಡ ಶತ್ರು. ದಿನದ ಓಟದಲ್ಲಿ ಹೆಚ್ಚು ಪಾಲು ಟಾರು ರಸ್ತೆಯಾದರೆ ಹೆದ್ದಾರಿಗೆ ತಕ್ಕ ಟೈರನ್ನೇ ಆರಿಸಿಕೊಳ್ಳಿ.

ಮೊದಲು ಭಾರದ ಲೆಕ್ಕ

ಅಂಗಡಿಗೆ ಹೋಗುವ ಮುಂಚೆ ಆರ್‌ಸಿ ಪುಸ್ತಕ ತೆಗೆದು ಒಟ್ಟು ತೂಕ ನೋಡಿ. ಉದಾಹರಣೆಗೆ ಆರು ಚಕ್ರದ ವ್ಯಾನಿನ ಒಟ್ಟು ತೂಕ 5,300 ಕಿಲೋ, ಅದರಲ್ಲಿ ಹಿಂದಿನ ಅಚ್ಚಿನ ಮೇಲೆ 3,500 ಕಿಲೋ ಬೀಳುತ್ತದೆ ಎನ್ನೋಣ. ಹಿಂದಿನ ನಾಲ್ಕು ಟೈರುಗಳಿಗೆ ತಲಾ 875 ಕಿಲೋ, ಮುಂದಿನ ಎರಡಕ್ಕೆ ತಲಾ 900 ಕಿಲೋ.

ಹಾಲು ತುಂಬಿದ ಕ್ಯಾನು ಸುಮಾರು 50 ಕಿಲೋ. 50 ಕ್ಯಾನಿಗೆ 2,500 ಕಿಲೋ. ಅದೇ ವ್ಯಾನು ಹಿಂದಿರುಗುವಾಗ 50 ಕಿಲೋ ತೂಕದ ಪಶು ಆಹಾರದ ಮೂಟೆ 60 ತಂದರೆ 3,000 ಕಿಲೋ ಆಯಿತು. ಹಾಲಿಗಿಂತ 500 ಕಿಲೋ ಹೆಚ್ಚು! ಹಾಲಿನ ಲೆಕ್ಕದಲ್ಲಿ ಟೈರು ಕೊಂಡು ಮೂಟೆಯ ಲೆಕ್ಕ ಮರೆಯಬಾರದು. ಆರ್‌ಸಿಯಲ್ಲಿ ಹೇಳಿದ ತೂಕವನ್ನು ಯಾವ ಟೈರು ಹಾಕಿದರೂ ಮೀರುವಂತಿಲ್ಲ.

ಟೈರಿನ ಮೇಲಿನ ಬರಹ

ಹಸು ಕೊಳ್ಳುವಾಗ ಹಲ್ಲು ನೋಡುತ್ತೀರಿ. ಟೈರಿಗೂ ಹಲ್ಲುಂಟು, ಅದು ಪಕ್ಕೆಯ ಮೇಲಿನ ಬರಹ.

1. ಅಳತೆ: 7.50 ಆರ್ 16 ಎಂದಿದ್ದರೆ 7.50 ಅಂಗುಲ ಅಗಲ, 16 ಅಂಗುಲದ ರಿಮ್ಮು. 'ಆರ್' ಎಂದರೆ ರೇಡಿಯಲ್. ವಾಹನ ತಯಾರಕರು ಹೇಳಿದ ಅಳತೆಯನ್ನೇ ಕೊಳ್ಳಿ.

2. ಭಾರದ ಅಂಕಿ: 122/118 ಎಲ್ ಎಂದು ಬರೆದಿದ್ದರೆ, ಒಂಟಿಯಾಗಿ ಹಾಕಿದಾಗ 1,500 ಕಿಲೋ, ಜೋಡಿಯಾಗಿ ಹಾಕಿದಾಗ ಒಂದೊಂದು 1,320 ಕಿಲೋ ಹೊರಬಲ್ಲದು. 'ಎಲ್' ಎಂದರೆ ಗಂಟೆಗೆ 120 ಕಿಲೋಮೀಟರ್ ವೇಗದ ಮಿತಿ.

3. ವರ್ಗ: ನಾಲ್ಕು ಚಕ್ರದ ಪಿಕಪ್ ಇಟ್ಟಿರುವವರು 'ಎಲ್‌ಟಿ' ಅಥವಾ 'ಸಿ' ಎಂಬ ಅಕ್ಷರ ಇದೆಯೇ ನೋಡಿ. ಇವು ಸರಕು ವಾಹನದ ಟೈರಿನ ಗುರುತು. ರಿಮ್ಮಿಗೆ ಕೂಡುತ್ತದೆ, ಬೆಲೆ ಕಡಿಮೆ ಎಂದು ಕಾರಿನ ಟೈರು ಹಾಕುವುದು ಎಳೆಗರುವಿಗೆ ನೊಗ ಕಟ್ಟಿದ ಹಾಗೆ.

4. ವಯಸ್ಸು: ತಯಾರಿಕೆಯ ನಾಲ್ಕು ಅಂಕಿ ಹುಡುಕಿ. 2324 ಎಂದಿದ್ದರೆ 2024ನೇ ಇಸವಿಯ 23ನೇ ವಾರ. ಅಂಗಡಿಯಲ್ಲಿ ಕೂತಿದ್ದರೂ ರಬ್ಬರು ಮುದಿಯಾಗುತ್ತದೆ. ವರ್ಷಗಟ್ಟಲೆ ಹಳೆಯ ದಾಸ್ತಾನನ್ನು ರಿಯಾಯಿತಿ ಕೊಟ್ಟರೂ ಕೊಳ್ಳಬೇಡಿ.

5. ಐಎಸ್‌ಐ ಗುರುತು: ವಾಣಿಜ್ಯ ವಾಹನದ ಟೈರಿಗೆ ಐಎಸ್ 15636 ಎಂಬ ಮಾನಕವಿದೆ. ಆ ಗುರುತಿಲ್ಲದ ಮಾಲು ಮುಟ್ಟಬೇಡಿ.

ರೇಡಿಯಲ್ಲೋ, ನೈಲಾನೋ?

ರೇಡಿಯಲ್ ಟೈರು ಹೆದ್ದಾರಿಯಲ್ಲಿ ಕಡಿಮೆ ಕಾಯುತ್ತದೆ, ಡೀಸೆಲ್ ಸ್ವಲ್ಪ ಉಳಿಸುತ್ತದೆ, ಹೆಚ್ಚು ದೂರ ಓಡುತ್ತದೆ. ನೈಲಾನ್ ಟೈರಿನ ಪಕ್ಕೆ ದಪ್ಪ. ಕಲ್ಲಿನ ಏಟು ತಾಳುತ್ತದೆ, ಬೆಲೆಯೂ ಕಡಿಮೆ. ಇಡೀ ದಿನ ಹಳ್ಳಿ ದಾರಿಯಲ್ಲೇ ಸುತ್ತುವ ವಾಹನಕ್ಕೆ ನೈಲಾನ್ ಸಾಕು. ಹೆದ್ದಾರಿಯಲ್ಲಿ ಓಡುವುದಕ್ಕೆ ರೇಡಿಯಲ್ ಲೇಸು. ಒಂದೇ ಅಚ್ಚಿನಲ್ಲಿ ಒಂದು ರೇಡಿಯಲ್, ಒಂದು ನೈಲಾನ್ ಹಾಕಲೇಬಾರದು. ಉದ್ದ ಗೆರೆಯ ರಿಬ್ ಟೈರು ಸ್ಟೇರಿಂಗಿಗೆ ಹಗುರ, ಮುಂದಕ್ಕೆ ಹಾಕಿ. ಕೆಸರಿನ ದಾರಿಯಿದ್ದರೆ ಹಿಂದಕ್ಕೆ ಅಡ್ಡ ಗಟ್ಟಿಯ ಲಗ್ ಟೈರು ಹಿಡಿತ ಕೊಡುತ್ತದೆ. ಟ್ಯೂಬಿನ ಟೈರಾದರೆ ಹೊಸ ಟೈರಿನೊಡನೆ ಹೊಸ ಟ್ಯೂಬು, ಹೊಸ ಫ್ಲ್ಯಾಪು ಹಾಕಿಸಿ.

ಬೆಲೆಯನ್ನು ಕಿಲೋಮೀಟರಿಗೆ ಇಷ್ಟು ಎಂದು ನೋಡಿ. ಲೆಕ್ಕಕ್ಕಾಗಿ ಹೇಳುತ್ತೇನೆ: 10,000 ರೂಪಾಯಿಯ ಟೈರು 40,000 ಕಿಲೋಮೀಟರ್ ಓಡಿದರೆ ಕಿಲೋಮೀಟರಿಗೆ 25 ಪೈಸೆ. 7,000 ರೂಪಾಯಿಯದು 20,000ಕ್ಕೇ ಸವೆದರೆ 35 ಪೈಸೆ. ಅಗ್ಗದ್ದೇ ದುಬಾರಿ.

ರೀಸೋಲ್ ಟೈರು

ಒಳಗಿನ ಕಟ್ಟು ಗಟ್ಟಿಯಿದ್ದು, ಒಳ್ಳೆಯ ಕಡೆ ರೀಸೋಲ್ ಮಾಡಿಸಿದ ಟೈರನ್ನು ಹಿಂದಿನ ಚಕ್ರಕ್ಕೆ ಬಳಸಬಹುದು. ಮುಂದಿನ ಚಕ್ರಕ್ಕೆ ಮಾತ್ರ ಬೇಡ. ಮುಂದಿನ ಟೈರು ಸಿಡಿದರೆ ಸ್ಟೇರಿಂಗ್ ಕೈಯಲ್ಲಿ ನಿಲ್ಲುವುದಿಲ್ಲ.

ಜೋಡಿ ಟೈರಿನ ಗುಟ್ಟು

ಹಿಂದಿನ ಜೋಡಿ ಟೈರು ಜೋಡೆತ್ತಿನ ಹಾಗೆ. ಎರಡೂ ಒಂದೇ ಎತ್ತರ ಇರಬೇಕು. ಒಂದು ಹೊಸದು, ಒಂದು ಸವೆದದ್ದು ಹಾಕಿದರೆ ಎತ್ತರದ್ದೇ ಭಾರವೆಲ್ಲ ಹೊತ್ತು ಕಾಯುತ್ತದೆ. ಒಂದು ಪಂಕ್ಚರ್ ಆದಾಗ "ಇನ್ನೊಂದಿದೆಯಲ್ಲ, ನಿಧಾನವಾಗಿ ಹೋಗೋಣ" ಎನ್ನುವ ಅಭ್ಯಾಸವುಂಟು. ಆಗಿನ ಲೆಕ್ಕ ನೋಡಿ: ಉಳಿದ ಟೈರಿನ ಮೇಲೆ 875ರ ಎರಡರಷ್ಟು, ಅಂದರೆ 1,750 ಕಿಲೋ. ಒಂಟಿಯಾಗಿ ಅದು ಹೊರಬಲ್ಲದ್ದು 1,500 ಕಿಲೋ ಮಾತ್ರ. ಹತ್ತು ನಿಮಿಷ ಉಳಿಸಲು ಹೋಗಿ ಎರಡು ಟೈರು, ಒಂದು ಲೋಡು ಹಾಲು ಕಳೆದುಕೊಳ್ಳುವ ದಾರಿ ಇದು. ನಿಲ್ಲಿಸಿ, ಸ್ಟೆಪ್ನಿ ಹಾಕಿ. ಸ್ಟೆಪ್ನಿಯ ಗಾಳಿಯನ್ನೂ ವಾರಕ್ಕೊಮ್ಮೆ ನೋಡಿ.

ಗಾಳಿ ಮತ್ತು ಸವೆತ

ಗಾಳಿಯನ್ನು ಬೆಳಿಗ್ಗೆ ಗಾಡಿ ಹೊರಡುವ ಮುಂಚೆ, ಟೈರು ತಣ್ಣಗಿದ್ದಾಗ, ಮೀಟರಿನಿಂದಲೇ ನೋಡಬೇಕು. ಜೋಡಿಯ ಒಳಗಿನ ಟೈರನ್ನು ಮರೆಯುವವರೇ ಹೆಚ್ಚು. ಗಾಳಿ ಕಡಿಮೆಯಾದರೆ ಪಕ್ಕೆ ಮಡಚಿ ಮಡಚಿ ಕಾದು ಒಳಗಿನ ಪದರ ಬಿಡುತ್ತದೆ. ಓಡಿ ಬಿಸಿಯಾದ ಟೈರಿನಲ್ಲಿ ಗಾಳಿಯ ಒತ್ತಡ ಏರುವುದು ಸಹಜ. ಅದನ್ನು ಕಂಡು ಗಾಳಿ ಬಿಡಬೇಡಿ.

ಗೊರಸಿನ ಸವೆತ ನೋಡಿ ಹಸುವಿನ ಕಾಲಿನ ದೋಷ ತಿಳಿಯುವಂತೆ ಟೈರಿನ ಸವೆತವೂ ಮಾತನಾಡುತ್ತದೆ. ಎರಡು ಅಂಚು ಸವೆದರೆ ಗಾಳಿ ಕಡಿಮೆ, ನಡುವೆ ಸವೆದರೆ ಗಾಳಿ ಹೆಚ್ಚು, ಒಂದೇ ಅಂಚು ಸವೆದರೆ ಅಲೈನ್‌ಮೆಂಟ್ ಕೆಟ್ಟಿದೆ. ಅದನ್ನು ಸರಿಮಾಡಿಸದೆ ಹೊಸ ಟೈರು ಹಾಕಿದರೆ ಅದೂ ಹಾಗೆಯೇ ಸವೆಯುತ್ತದೆ. ವ್ಯಾನಿನಂಥ ವಾಹನದ ಟೈರಿನಲ್ಲಿ ಗೆರೆಯ ಆಳ 1.6 ಮಿಲಿಮೀಟರಿಗಿಂತ ಕಡಿಮೆಯಾಗಬಾರದೆಂದು ಕೇಂದ್ರ ಮೋಟಾರು ವಾಹನ ನಿಯಮವೇ ಹೇಳುತ್ತದೆ. ಮಳೆಗಾಲಕ್ಕೆ ಅಷ್ಟರವರೆಗೂ ಕಾಯದೆ ಬದಲಿಸುವುದು ಕ್ಷೇಮ.

ಸದಸ್ಯರು ಮಾಡಬೇಕಾದದ್ದು

ಇದೆಲ್ಲ ವಾಹನದ ಮಾಲೀಕರ ಕೆಲಸ ಎಂದು ಸದಸ್ಯರು ಸುಮ್ಮನಿರಬಾರದು. ವ್ಯಾನು ಬಂದಾಗ ಒಂದು ನಿಮಿಷ ಟೈರು ನೋಡಿ. ಬೋಳಾಗಿದ್ದರೆ, ಪಕ್ಕೆ ಬಿರುಕು ಬಿಟ್ಟು ಉಬ್ಬಿದ್ದರೆ ಸಂಘದ ಕಾರ್ಯದರ್ಶಿಗೆ ತಿಳಿಸಿ. ಹಾಗೆಯೇ ಸಾಗಣೆ ದರದ ಚರ್ಚೆ ಬಂದಾಗ ಎಲ್ಲಕ್ಕಿಂತ ಕಡಿಮೆ ದರ ಹೇಳಿದವರಿಗೇ ಕೊಡಿ ಎಂದು ಹಟ ಹಿಡಿಯುವ ಮೊದಲು ಯೋಚಿಸಿ. ಆ ದರದಲ್ಲಿ ಒಳ್ಳೆಯ ಟೈರಿನ ಖರ್ಚು ಹುಟ್ಟದಿದ್ದರೆ ಬೋಳು ಟೈರಿನ ಮೇಲೆಯೇ ನಿಮ್ಮ ಹಾಲು ಹೋಗುತ್ತದೆ. ಸಾಗಣೆಯಲ್ಲಿ ಉಳಿಸಿದ ಪೈಸೆ ಹುಳಿ ಹಾಲಿನಲ್ಲಿ ರೂಪಾಯಿಯಾಗಿ ಹೋಗುತ್ತದೆ.

ಕೊಟ್ಟಿಗೆಯಲ್ಲಿ ಕಾಪಾಡಿದ ಹಾಲಿನ ಗುಣವನ್ನು ದಾರಿಯಲ್ಲಿಯೂ ಕಾಪಾಡೋಣ. ಮುಂದಿನ ಬಾರಿ ಟೈರು ಕೊಳ್ಳುವಾಗ ಮೊದಲು ಭಾರದ ಅಂಕಿ ಕೇಳಿ, ಆಮೇಲೆ ಬೆಲೆ ಕೇಳಿ.