ಎಸ್ಸೆಸ್ಸೆಲ್ಸಿಯ ಆಚೆಗೆ



ಪರೀಕ್ಷೆ ಮುಗಿದೊಡನೆ ಯಾದಗಿರಿ, ಸುರಪುರ ಸೀಮೆಯ ಎಷ್ಟೋ ಮಕ್ಕಳು ಪಾಲಕರೊಡನೆ ಬೆಂಗಳೂರಿಗೆ ಗುಳೆ ಹೊರಡುತ್ತಾರೆ. ಮರಳುವಷ್ಟರಲ್ಲಿ ಪ್ರವೇಶದ ಅವಧಿ ಮುಗಿದಿರುತ್ತದೆ. ಹೊರಡುವ ಮುನ್ನವೇ 371(ಜೆ) ಅರ್ಹತಾ ಪ್ರಮಾಣಪತ್ರಕ್ಕೆ ಸಹಾಯಕ ಆಯುಕ್ತರಲ್ಲಿ ಅರ್ಜಿ ಸಲ್ಲಿಸಿರಿ. 2013ರಲ್ಲಿ ಜಾರಿಗೆ ಬಂದ ಈ ವ್ಯವಸ್ಥೆಯನ್ವಯ ನಮ್ಮ ಭಾಗದ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಶೇ. 70ರಷ್ಟು ಸ್ಥಾನಗಳು ಸ್ಥಳೀಯರಿಗೆ ಮೀಸಲು.

ಶಹಾಪುರದ ಪಕ್ಕದ ಭೀಮರಾಯನಗುಡಿಯಲ್ಲೇ ಕೃಷಿ ಮಹಾವಿದ್ಯಾಲಯವಿದೆ. ಅಲ್ಲಿನ ಪದವಿಗೆ ಪಿಯುಸಿಯಲ್ಲಿ ವಿಜ್ಞಾನ ಓದಿರಬೇಕು. ಕಲಾ ವಿಭಾಗ ಸೇರಿದ ಮೇಲೆ ಈ ಮಾತು ತಿಳಿದು ಫಲವಿಲ್ಲ. ಕೃಷಿಕರ ಮಕ್ಕಳಿಗೆ ಪ್ರತ್ಯೇಕ ಕೋಟಾ, ಅದಕ್ಕೊಂದು ಪ್ರಾಯೋಗಿಕ ಪರೀಕ್ಷೆ ಉಂಟು. ತೊಗರಿ, ಹತ್ತಿಯ ಹೊಲದಲ್ಲಿ ಬೆಳೆದವರು ಅದಕ್ಕೆ ಅಂಜುವುದೇಕೆ? ನಾರಾಯಣಪುರ ಎಡದಂಡೆ ಕಾಲುವೆಯ ಕೆಳಗೆ ಮಿತಿಮೀರಿ ನೀರುಂಡು ಸವಳು-ಜವಳಾದ ನೆಲಕ್ಕೆ ಈ ಮಣ್ಣಿನಲ್ಲೇ ಹುಟ್ಟಿದ ಪದವೀಧರರು ಬೇಕಾಗಿದ್ದಾರೆ.

ಗುಡ್ಡದ ಊರಿನವರು ಶಾಲಾ ದಾಖಲೆಗಳನ್ನು ಈ ವಾರವೇ ಪಡೆದಿಟ್ಟುಕೊಳ್ಳಿರಿ. ಯಾದಗಿರಿಗೆ ಎರಡೆರಡು ಸಲ ಅಲೆಯುವುದು ತಪ್ಪೀತು.