ತಲೆಯ ಅಳತೆಯೂ ತಾಯಿನುಡಿಯೂ



ತಲೆಯ ಅಗಲವನ್ನು ನೂರರಿಂದ ಗುಣಿಸಿ ಉದ್ದದಿಂದ ಭಾಗಿಸಿದರೆ ಬರುವುದೇ ಶಿರಸ್ಸೂಚ್ಯಂಕ. ಅದು 75ಕ್ಕಿಂತ ಕಡಿಮೆಯಾದರೆ ನೀಳವಾದ ತಲೆ, 80ನ್ನು ಮೀರಿದರೆ ಅಗಲವಾದ ತಲೆ ಎಂದು ಎಣಿಕೆ. ಮದರಾಸು ವಸ್ತುಸಂಗ್ರಹಾಲಯದ ಥರ್ಸ್ಟನ್ನರು ಹೀಗೆಯೇ ದಕ್ಷಿಣದ ಜಾತಿಗಳನ್ನು ಅಳೆದು, 1909ರಲ್ಲಿ ಏಳು ಸಂಪುಟಗಳ ಗ್ರಂಥವನ್ನು ಹೊರತಂದರು. ಆದರೆ ಅಮೆರಿಕಕ್ಕೆ ವಲಸೆ ಹೋದವರ ಮಕ್ಕಳ ತಲೆಯ ಆಕಾರವು ತಂದೆತಾಯಿಗಳದಕ್ಕಿಂತ ತುಸು ಬೇರೆಯಾದುದನ್ನು ಬೋವಾಸರು 1912ರಲ್ಲಿ ಪ್ರಕಟಿಸಿದರು. ಒಂದೇ ಸಮುದಾಯದೊಳಗೂ ಈ ಅಂಕವು ಬಹಳ ಏರಿಳಿಯುತ್ತದೆ.

1956ರಲ್ಲಿ ನಮ್ಮ ಕೊಡಂಗಲ್ ತಾಲ್ಲೂಕು ಗುಲಬರ್ಗಾ ಜಿಲ್ಲೆಯನ್ನು ಬಿಟ್ಟು ಆಂಧ್ರಪ್ರದೇಶಕ್ಕೆ ಸೇರಿತು. ಗಡಿ ಸರಿಯಿತು, ಯಾರ ತಲೆಯೂ ಬದಲಾಗಲಿಲ್ಲ. ಆ ತಲೆಯನ್ನು ಅಳೆದು ಇವನು ಕನ್ನಡಿಗ, ಇವನು ತೆಲುಗನೆಂದು ಹೇಳಬಲ್ಲ ಅಳತೆಗೋಲು ಯಾವುದೂ ಇಲ್ಲ. ನುಡಿಯು ಕಲಿಸಿದರೆ ಬರುವುದು, ಆಡಿದರೆ ಉಳಿಯುವುದು. ಆದುದರಿಂದ ಮನೆಮನೆಯಲ್ಲಿಯೂ ಮಕ್ಕಳೊಡನೆ ಕನ್ನಡವನ್ನಾಡೋಣ, ಓದಿಸೋಣ.